ಸೋರುವ ರೇಡಿಯೇಟರ್‌ಗೆ ಎರಡು ಸಲ ಬೆಸುಗೆ: ಒಂದು ಹಳೇ ಕಾರಿನ ಪ್ರಕರಣ

ಮಾವನ ಹಳೇ ಕಾರಿನ ರೇಡಿಯೇಟರ್‌ಗೆ ನಾನು ಎರಡು ಸಲ ಬೆಸುಗೆ ಹಾಕಿದೆ. ಮೊದಲನೆಯದು 60 ಕಿಲೋಮೀಟರ್ ಬಾಳಿತು. ಎರಡನೆಯದು ಹಾಕಿ ಒಂದೂವರೆ ವರ್ಷವಾಯಿತು, ಆ ಜಾಗದಲ್ಲಿ ಇನ್ನೂ ಒಂದು ಹನಿ ಸೋರಿಲ್ಲ. ಎರಡು ಸಲವೂ ಬಳಸಿದ್ದು ಒಂದೇ ಸುರುಳಿಯ ಸೋಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ. ಹಾಕಿದ ಕೈಯೂ ಒಂದೇ. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ ಬಂತು ಅನ್ನುವುದನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಹಳೇ ಕಾರು ಇಟ್ಟುಕೊಂಡವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಕಾರು 1930ರ ದಶಕದ್ದು, ನಾಲ್ಕು ಸಿಲಿಂಡರ್. ನೀರು ತಿರುಗಿಸಲು ಚಿಕ್ಕ ಪಂಪ್ ಇದೆ. ಮುಚ್ಚಳ ಒತ್ತಡ ಹಿಡಿಯುವಂಥದ್ದಲ್ಲ, ಸುಮ್ನೆ ತಿರುಗಿಸಿ ಮುಚ್ಚುವಂಥದ್ದು. ಒಟ್ಟು ಸುಮಾರು 12 ಲೀಟರ್ ನೀರು ಹಿಡಿಯುತ್ತದೆ. ರೇಡಿಯೇಟರ್ ಕಾರಿನ ಜೊತೆಗೇ ಹುಟ್ಟಿದ್ದು. ಮೇಲೊಂದು ಹಿತ್ತಾಳೆ ಟ್ಯಾಂಕ್, ಕೆಳಗೊಂದು ಹಿತ್ತಾಳೆ ಟ್ಯಾಂಕ್. ನಡುವೆ ಚಪ್ಪಟೆಯಾದ ಹಿತ್ತಾಳೆ ಟ್ಯೂಬುಗಳ ಸಾಲು. ಟ್ಯೂಬುಗಳಿಗೆ ಅಡ್ಡಲಾಗಿ ಕಾಗದದಷ್ಟು ತೆಳುವಾದ ತಾಮ್ರದ ಫಿನ್‌ಗಳು. ಟ್ಯೂಬುಗಳ ತುದಿಗಳು ತೂತು ಕೊರೆದ ಒಂದು ಹಿತ್ತಾಳೆ ತಗಡಿನಲ್ಲಿ ಕೂತಿರುತ್ತವೆ, ಅದಕ್ಕೆ ಹೆಡರ್ ಪ್ಲೇಟ್ ಅನ್ನುತ್ತಾರೆ. ಟ್ಯಾಂಕಿನ ಅಂಚು ಈ ಪ್ಲೇಟಿನ ಅಂಚಿನೊಳಗೆ ಕೂರುತ್ತದೆ. ಇಷ್ಟನ್ನೂ ಒಟ್ಟಿಗೆ ಹಿಡಿದಿರುವುದು ಸೀಸ ಮತ್ತು ತವರ ಬೆರೆಸಿದ ಸೋಲ್ಡರ್. ಈಗಿನ ಕಾರುಗಳಲ್ಲಿ ಅಲ್ಯೂಮಿನಿಯಂ ಕೋರ್ (ಟ್ಯೂಬು, ಫಿನ್‌ಗಳಿರುವ ನಡುಭಾಗ), ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಅಂಥದ್ದಕ್ಕೆ ಇಲ್ಲಿ ಬರೆದಿರುವ ಕೆಲಸ ಹೊಂದುವುದಿಲ್ಲ.

ಕೋರ್ ಪೂರ್ತಿ ಬದಲಿಸಿಬಿಡು ಅಂತ ಹೇಳಿದವರಿದ್ದರು. ಟ್ಯೂಬುಗಳು ತುಕ್ಕು ತಿಂದು ತೂತು ತೂತಾಗಿದ್ದರೆ ಅದೇ ಸರಿ. ಇಲ್ಲಿ ಹಾಗಿರಲಿಲ್ಲ. ಫಿನ್‌ಗಳು ಟ್ಯೂಬಿಗೆ ಗಟ್ಟಿಯಾಗಿ ಅಂಟಿದ್ದವು, ಎಂಜಿನ್ ಯಾವತ್ತೂ ಅತಿಯಾಗಿ ಕಾದಿರಲಿಲ್ಲ. ಒಂದು ಮೂಲೆ ಕೆಟ್ಟಿದೆ ಅಂತ ಇಡೀ ರೇಡಿಯೇಟರ್ ಬಿಸಾಕಲು ನನಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಬಾಳಿದ ವಸ್ತುವನ್ನು ಉಳಿಸಲು ಸಾಧ್ಯವಿದ್ದರೆ ಉಳಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಜಕ್ಕೂ ಸೋರುತ್ತಿದೆಯಾ?

ಮಾವನ ದೂರು ಹೀಗಿತ್ತು: "ಪ್ರತಿ ಸಲ ಕಂಠದವರೆಗೆ ತುಂಬಿಸ್ತೀನಿ. ಒಂದು ಸುತ್ತು ಹೋಗಿ ಬಂದ್ರೆ ಅರ್ಧ ಲೀಟರ್ ಕಮ್ಮಿ ಇರುತ್ತೆ ಕಣೋ."

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ನೀರು ಕಾದಾಗ ಹಿಗ್ಗುತ್ತದೆ. 20 ಡಿಗ್ರಿಯಿಂದ 85 ಡಿಗ್ರಿ ಸೆಲ್ಸಿಯಸ್‌ಗೆ ಹೋದರೆ ನೂರಕ್ಕೆ ಸುಮಾರು 3ರಷ್ಟು ಜಾಸ್ತಿಯಾಗುತ್ತದೆ. 12 ಲೀಟರ್‌ಗೆ ಲೆಕ್ಕ ಹಾಕಿದರೆ 360 ಮಿಲಿಲೀಟರ್. ಒತ್ತಡ ಹಿಡಿಯದ ಹಳೇ ರೇಡಿಯೇಟರ್‌ನಲ್ಲಿ ಈ ಹೆಚ್ಚಿನ ನೀರು ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಬೀಳುತ್ತದೆ. ತಣ್ಣಗಾದ ಮೇಲೆ ನೋಡಿದರೆ ಅಷ್ಟು ಕಮ್ಮಿ ಕಾಣುತ್ತದೆ. ಅದನ್ನು ಮತ್ತೆ ತುಂಬಿಸಿದರೆ ಮತ್ತೆ ಹೋಗುತ್ತದೆ. ಇದು ಸೋರಿಕೆಯೇ ಅಲ್ಲ.

ಅದಕ್ಕೇ ಮೊದಲು ಮಾಡಿದ ಕೆಲಸ ಇಷ್ಟೇ. ಟ್ಯೂಬುಗಳ ಬಾಯಿ ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ಮಾತ್ರ ನೀರು ಹಾಕಿದೆವು. ಒಂದು ಕಡ್ಡಿಗೆ ಗುರುತು ಮಾಡಿ ಪ್ರತಿ ಸಲ ಪೂರ್ತಿ ತಣ್ಣಗಾದ ಮೇಲೆ ಅಳೆದೆವು. ಮೂರು ದಿನ, ದಿನಕ್ಕೆ 20 ಕಿಲೋಮೀಟರ್. ಹಿಗ್ಗುವ ಲೆಕ್ಕ ಕಳೆದರೂ ದಿನಕ್ಕೆ 150 ಮಿಲಿಲೀಟರ್ ಹೋಗುತ್ತಲೇ ಇತ್ತು. ಮೇಲಿನ ಟ್ಯಾಂಕಿನ ಎಡಮೂಲೆಯ ಕೆಳಗೆ ಫಿನ್‌ಗಳ ಮೇಲೆ ಬಿಳಿ ಮತ್ತು ಹಸಿರು ಬೆರೆತ ಒಂದು ಗೆರೆ ಇಳಿದಿತ್ತು. ನೀರು ಜಿನುಗಿ, ಬಿಸಿಗೆ ಒಣಗಿ, ಸುಣ್ಣವನ್ನೂ ತಾಮ್ರದ ಕಿಲುಬನ್ನೂ ಬಿಟ್ಟು ಹೋದ ಗುರುತು ಅದು. ಈಗ ಸಂಶಯ ಉಳಿಯಲಿಲ್ಲ.

ರೇಡಿಯೇಟರ್ ಇಳಿಸುವಾಗ ಒಂದು ಚಿಕ್ಕ ಸಂಗತಿ ನಡೆಯಿತು. ಕೆಳಗಿನ ಎಡಗಡೆಯ ಬೋಲ್ಟ್ ಸಡಿಲ ಮಾಡುತ್ತಿದ್ದ ಹಾಗೆ ಟಕ್ ಅಂತ ಸದ್ದಾಗಿ ರೇಡಿಯೇಟರಿನ ಕಾಲು ಚಾಸಿಯಿಂದ (ಕಾರಿನ ಅಡಿಯ ಚೌಕಟ್ಟಿನಿಂದ) ಸುಮಾರು 4 ಮಿಲಿಮೀಟರ್ ಮೇಲೆದ್ದಿತು. ನಾನು ನೋಡಿದೆ, ನೋಡಿ ಮುಂದಕ್ಕೆ ಹೋದೆ. ಅದರ ಅರ್ಥ ನನಗೆ ಹೊಳೆದದ್ದು ಆಮೇಲೆ.

ಗುಳ್ಳೆ ಪರೀಕ್ಷೆ

ಇಳಿಸಿದ ರೇಡಿಯೇಟರನ್ನು ಹೋಸ್ ಪೈಪಿನಿಂದ ತಿರುವುಮುರುವಾಗಿ ತೊಳೆದೆವು, ಅಂದರೆ ಕೆಳಗಿನ ಬಾಯಿಂದ ನೀರು ಬಿಟ್ಟು ಮೇಲಿನ ಬಾಯಿಂದ ಹೊರಗೆ. ಹಾಗೆ ಮಾಡಿದರೆ ಟ್ಯೂಬಿನ ಮೇಲ್ಬಾಯಲ್ಲಿ ಸಿಕ್ಕಿಕೊಂಡ ಕಸ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆಮೇಲೆ ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ, ಒಂದರಲ್ಲಿ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು.

ಎಷ್ಟು ಗಾಳಿ ಅನ್ನುವುದು ಮುಖ್ಯ. ಇಂಥ ರೇಡಿಯೇಟರ್‌ಗಳನ್ನು ಒತ್ತಡಕ್ಕೆ ಅಂತ ಮಾಡಿಲ್ಲ. ಅದರೊಳಗೆ ಇರುವುದು ನೀರಿನ ಎತ್ತರದ ಒತ್ತಡ ಮತ್ತು ಪಂಪ್ ದೂಡುವ ಒಂದಿಷ್ಟು ಒತ್ತಡ ಮಾತ್ರ. 70 ಸೆಂಟಿಮೀಟರ್ ನೀರಿನ ಎತ್ತರ ಅಂದರೆ 1 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಅಂತ). ಹಾಗಾಗಿ ಪರೀಕ್ಷೆಗೆ 2 ಪಿಎಸ್‌ಐ ಧಾರಾಳ. ಕಂಪ್ರೆಸರ್ ನೇರವಾಗಿ ಹಚ್ಚಿ 15 ಪಿಎಸ್‌ಐ ಕೊಟ್ಟರೆ ಟ್ಯಾಂಕಿನ ಚಪ್ಪಟೆ ಗೋಡೆಗಳು ಉಬ್ಬುತ್ತವೆ, ಚೆನ್ನಾಗಿದ್ದ ಬೆಸುಗೆಯೂ ಬಿಟ್ಟುಕೊಳ್ಳುತ್ತದೆ. ಸೈಕಲ್ ಪಂಪಿನಲ್ಲಿ ಕೈಗೆ ಒತ್ತಡ ಗೊತ್ತಾಗುತ್ತದೆ, ಜೊತೆಗೆ ಒಂದು ಗೇಜ್ ಇಟ್ಟುಕೊಂಡರೆ ಸಾಕು.

ಎಡಮೂಲೆಯಿಂದ ಗುಳ್ಳೆಗಳು ಸಾಲಾಗಿ ಬಂದವು. ಟ್ಯಾಂಕ್ ಮತ್ತು ಹೆಡರ್ ಪ್ಲೇಟ್ ಸೇರುವ ಜಾಗದಲ್ಲಿ ಸುಮಾರು 30 ಮಿಲಿಮೀಟರ್ ಉದ್ದಕ್ಕೆ ಬೆಸುಗೆ ಬಿಟ್ಟಿತ್ತು. ಬೇರೆಲ್ಲೂ ಗುಳ್ಳೆ ಕಾಣಲಿಲ್ಲ.

ಮೊದಲ ಬೆಸುಗೆ

ಆ ಜಾಗದ ಕಪ್ಪು ಬಣ್ಣವನ್ನು ಕೆರೆದು, ವೈರ್ ಬ್ರಷ್‌ನಿಂದ ಹೊಳೆಯುವ ಹಾಗೆ ಉಜ್ಜಿದೆ. ಸೋಲ್ಡರ್ ಹತ್ತಲು ಲೋಹದ ಮೈಯನ್ನು ಶುಚಿ ಮಾಡುವ ಫ್ಲಕ್ಸ್ ಬಳಿದೆ. ಗ್ಯಾಸ್ ಟಾರ್ಚಿನ ಸಣ್ಣ ಜ್ವಾಲೆ ತೋರಿಸುತ್ತಾ ಸೋಲ್ಡರ್ ತಾಗಿಸಿದೆ. ಕರಗಿತು, ಹರಿಯಿತು, ಮೂಲೆಯನ್ನು ತುಂಬಿಕೊಂಡು ಕನ್ನಡಿಯ ಹಾಗೆ ಹೊಳೆಯಿತು. ತೊಟ್ಟಿಯಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಇಲ್ಲ. ಮಾವನಿಗೆ ತುಂಬಾ ಖುಷಿಯಾಯಿತು. ನನಗೂ ಆಯಿತು.

ಮೂರನೇ ಓಡಾಟದಲ್ಲಿ ಮತ್ತೆ ಅದೇ ಮೂಲೆ ಒದ್ದೆಯಾಯಿತು. ಆಗ ಮೀಟರಿನಲ್ಲಿ 60 ಕಿಲೋಮೀಟರ್ ಕೂಡಿತ್ತು.

ಮತ್ತೆ ಇಳಿಸಿದೆವು. ನಾನು ಹಾಕಿದ ಸೋಲ್ಡರಿನ ಅಂಚಿಗೆ ಚಾಕುವಿನ ತುದಿ ಕೊಟ್ಟು ಮೆಲ್ಲಗೆ ಎತ್ತಿದೆ. ಬಾಳೆಹಣ್ಣಿನ ಸಿಪ್ಪೆ ಬಂದ ಹಾಗೆ ಒಂದು ಪಟ್ಟಿ ಎದ್ದು ಬಂತು. ಅದನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಕೆಳಮೈಯಲ್ಲಿ ವೈರ್ ಬ್ರಷ್‌ನ ಗೀರುಗಳು ಅಚ್ಚುಕಟ್ಟಾಗಿ ಮೂಡಿದ್ದವು, ಒಂದೊಂದು ಗೀರೂ ಎಣಿಸಬಹುದಿತ್ತು. ಮೇಣದಲ್ಲಿ ಒತ್ತಿದ ಮುದ್ರೆಯ ಹಾಗೆ. ಆ ಪಟ್ಟಿಯೇ ಎಲ್ಲವನ್ನೂ ಹೇಳಿಬಿಟ್ಟಿತು. ಸೋಲ್ಡರ್ ಹಿತ್ತಾಳೆಯನ್ನು ನಿಜವಾಗಿ ಹಿಡಿದಿದ್ದರೆ ಅದು ಹಾಗೆ ಬಿಡಿಸಿಕೊಂಡು ಬರುವುದೇ ಇಲ್ಲ. ತವರ ಹಿತ್ತಾಳೆಯಲ್ಲಿರುವ ತಾಮ್ರದೊಳಕ್ಕೆ ಬೆರೆತು ಅಲ್ಲಿ ಒಂದು ತೆಳುವಾದ ಮಿಶ್ರಲೋಹದ ಪದರ ಹುಟ್ಟುತ್ತದೆ. ಎಳೆದರೆ ಸೋಲ್ಡರ್ ಹರಿಯುತ್ತದೆಯೇ ಹೊರತು ನುಣ್ಣಗೆ ಕಳಚಿಕೊಳ್ಳುವುದಿಲ್ಲ. ನನ್ನದು ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮೇಲೆ ಕೂತಿತ್ತು ಅಷ್ಟೇ.

ಯಾಕೆ ಹಿಡಿಯಲಿಲ್ಲ? ಪಟ್ಟಿ ಎದ್ದ ಜಾಗದಲ್ಲಿ ಸಂದಿಯೊಳಗೆ ಜೇನಿನ ಬಣ್ಣದ ಏನೋ ಒಂದು ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಕೆದಕಿದರೆ ಪುಡಿಯಾಗಿ ಬಂತು. ಹಿಂದೆ ಯಾರೋ ಈ ಮೂಲೆಗೆ ಎಪಾಕ್ಸಿ ಅಂಟು ತುಂಬಿ ಮೇಲೆ ಬಣ್ಣ ಬಳಿದಿದ್ದರು. ಅಂದರೆ ಈ ಮೂಲೆ ಸೋರಿದ್ದು ಇದೇ ಮೊದಲಲ್ಲ. ನಾನು ಬ್ರಷ್‌ನಿಂದ ಉಜ್ಜಿದ್ದು ಮೇಲ್ಮೈಯನ್ನು ಮಾತ್ರ. ಸಂದಿಯ ಒಳಗೆ ಅಂಟು, ಹಳೇ ಸುಣ್ಣ, ಆಕ್ಸೈಡ್ ಆದ ಹಳೇ ಸೋಲ್ಡರ್ ಎಲ್ಲ ಹಾಗೇ ಇದ್ದವು. ಜ್ವಾಲೆಗೆ ಅಂಟು ಸುಟ್ಟು ಅದರ ಮಸಿಯೂ ಸುತ್ತ ಹರಡಿತ್ತು. ಅಂಥ ಕೊಳೆಯ ಮೇಲೆ ಸೋಲ್ಡರ್ ಮುಚ್ಚಳದ ಹಾಗೆ ಕೂರಬಹುದು, ಹಿಡಿಯಲಾರದು.

ಅಂಟು ತೆಗೆದ ಮೇಲೆ ಇನ್ನೊಂದು ಸಂಗತಿ ಕಾಣಿಸಿತು. ಬಿಟ್ಟಿದ್ದು ಬೆಸುಗೆ ಮಾತ್ರ ಅಲ್ಲ. ಟ್ಯಾಂಕಿನ ಮೂಲೆಯಲ್ಲಿ ಹಿತ್ತಾಳೆ ತಗಡು ಮಡಚಿದ ಗೆರೆಯಲ್ಲೇ ಕೂದಲೆಳೆಯಷ್ಟು ಬಿರುಕು ಮೇಲಕ್ಕೆ ಹೋಗಿತ್ತು, ಸುಮಾರು 12 ಮಿಲಿಮೀಟರ್.

ಬಿರುಕು ಎಲ್ಲಿಂದ ಬಂತು?

ಆಗ ನೆನಪಾಗಿದ್ದು ಆ ಟಕ್ ಸದ್ದು.

ಆ ಕಾಲದ ಕಾರುಗಳ ಚಾಸಿ ಬಾಗುವಂಥದ್ದು. ಒಂದು ಚಕ್ರ ಗುಂಡಿಗೆ ಇಳಿದರೆ ಮುಂಭಾಗ ಹಿಂಭಾಗಕ್ಕೆ ಹೋಲಿಸಿದರೆ ತಿರುಚಿಕೊಳ್ಳುತ್ತದೆ. ಕಾರು ಮಾಡಿದವರಿಗೆ ಇದು ಗೊತ್ತಿತ್ತು. ಹಾಗಾಗಿ ಎಷ್ಟೋ ಕಾರುಗಳಲ್ಲಿ ರೇಡಿಯೇಟರನ್ನು ಬಿಗಿಯಾಗಿ ಕಟ್ಟಿಹಾಕದೆ ರಬ್ಬರ್ ಪ್ಯಾಡಿನ ಮೇಲೆ ಕೂರಿಸಿ, ಬೋಲ್ಟಿನ ಕೆಳಗೆ ಸ್ಪ್ರಿಂಗ್ ಕೊಟ್ಟು, ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ ಹಾಕಿ, ಅದು ತಿರುಗದ ಹಾಗೆ ಸ್ಪ್ಲಿಟ್ ಪಿನ್ ತೂರಿಸುತ್ತಿದ್ದರು. ಚಾಸಿ ತಿರುಚಿಕೊಂಡರೂ ರೇಡಿಯೇಟರ್ ತನ್ನ ಪಾಡಿಗೆ ತೇಲುತ್ತಿರಲಿ ಅಂತ.

ನಮ್ಮ ಕಾರಿನಲ್ಲಿ ಸ್ಪ್ರಿಂಗ್ ಇರಲೇ ಇಲ್ಲ. ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿತ್ತು, ಎಡಗಡೆ ಅದೂ ಇಲ್ಲದೆ ಬರೀ ಕಬ್ಬಿಣದ ವಾಷರ್. ಎರಡು ಕಾಲುಗಳ ಎತ್ತರ ಒಂದೇ ಸಮ ಇರಲಿಲ್ಲ. ಆ 4 ಮಿಲಿಮೀಟರ್ ಸಂದಿಯನ್ನು ಬೋಲ್ಟ್ ಬಿಗಿದು ಎಳೆದು ಮುಚ್ಚಿದ್ದರು. ಜೊತೆಗೆ ಮೇಲಿನ ಟ್ಯಾಂಕಿನಿಂದ ಎಂಜಿನ್‌ನ ಹಿಂದಿನ ಗೋಡೆಗೆ ಹೋಗುವ ಆಸರೆ ಸಲಾಕೆಯನ್ನೂ ಪೂರ್ತಿ ಬಿಗಿದಿದ್ದರು. ಅಂದರೆ ರೇಡಿಯೇಟರ್ ನಿಂತಲ್ಲೇ ತಿರುಚಿಕೊಂಡಿತ್ತು, ಕಾರು ಓಡಿದಾಗ ಇನ್ನಷ್ಟು. ಆ ಎಳೆತವೆಲ್ಲ ಎಡಮೂಲೆಗೆ ಬಂದು ಸೇರುತ್ತಿತ್ತು.

ಸೋಲ್ಡರ್ ಇಂಥ ಎಳೆತ ತಾಳುವ ಲೋಹವಲ್ಲ. ಇದಕ್ಕೆ ಒಂದು ಸರಳ ಲೆಕ್ಕವಿದೆ. ತಾಪವನ್ನು ಕೆಲ್ವಿನ್‌ನಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಕೆಲ್ವಿನ್) ಎಣಿಸಿದರೆ ಸೀಸ–ತವರದ ಸೋಲ್ಡರ್ ಕರಗಲು ಶುರುವಾಗುವುದು 456 ಕೆಲ್ವಿನ್‌ನಲ್ಲಿ, ಅಂದರೆ 183 ಡಿಗ್ರಿ ಸೆಲ್ಸಿಯಸ್. ರೇಡಿಯೇಟರ್ 90 ಡಿಗ್ರಿಯಲ್ಲಿದ್ದಾಗ ಅದು 363 ಕೆಲ್ವಿನ್. ಕರಗುವ ತಾಪದ ನೂರಕ್ಕೆ 80ರಷ್ಟು ಆಗಲೇ ಮುಟ್ಟಿರುತ್ತದೆ. ಹಿತ್ತಾಳೆ ಕರಗುವುದು 900 ಡಿಗ್ರಿಯ ಆಸುಪಾಸು, ಹಾಗಾಗಿ ಅದಕ್ಕೆ 90 ಡಿಗ್ರಿ ಏನೂ ಅಲ್ಲ. ಸೋಲ್ಡರ್ ಮಾತ್ರ ಆ ಬಿಸಿಯಲ್ಲಿ ನಿಧಾನವಾಗಿ ಜಾರುತ್ತದೆ. ಚಿಕ್ಕ ಎಳೆತವಾದರೂ ಸದಾ ಇದ್ದರೆ ಗಂಟೆಗಟ್ಟಲೆ, ದಿನಗಟ್ಟಲೆ ಹಿಗ್ಗಿ ಹಿಗ್ಗಿ ಕೊನೆಗೆ ಬಿಟ್ಟುಕೊಳ್ಳುತ್ತದೆ. ಭಾರ ಹೊರುವುದು ತಗಡು ತಗಡಿನ ಮೇಲೆ ಮಡಚಿ ಕೂತ ಜೋಡಣೆಯ ಕೆಲಸ. ಸೋಲ್ಡರಿನ ಕೆಲಸ ನೀರು ತಡೆಯುವುದು. ಈ ಮಾತು ಮೊದಲೇ ನನ್ನ ತಲೆಯಲ್ಲಿ ಇದ್ದಿದ್ದರೆ ಬೋಲ್ಟ್ ಸಡಿಲವಾದ ಆ ಕ್ಷಣವೇ ಕೆಲಸ ನಿಲ್ಲಿಸಿ ಪ್ಯಾಡ್ ನೋಡುತ್ತಿದ್ದೆ.

ಮಾವ ಮೊದಲು ಒಪ್ಪಲಿಲ್ಲ. "ಲೀಕ್ ನಿಂತ್ರೆ ಸಾಕು ಕಣೋ, ಪ್ಯಾಡ್ ವಿಷಯ ಆಮೇಲೆ ನೋಡಿದ್ರಾಯ್ತು" ಅಂದರು. "ಇಲ್ಲ ಮಾವ, ಪ್ಯಾಡ್ ಸರಿ ಮಾಡದೆ ಬೆಸುಗೆ ಹಾಕಿದ್ರೆ ಮತ್ತೆ ಬಿಡುತ್ತೆ" ಅಂತ ಆ ಸೋಲ್ಡರ್ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾರನೇ ದಿನ ಅವರೇ ದಪ್ಪ ರಬ್ಬರ್ ಶೀಟ್ ತಂದಿದ್ದರು.

ಎರಡನೇ ಬೆಸುಗೆ

ಈ ಸಲ ಕೆಲಸ ಶುರುವಾಗಿದ್ದು ಬಿಚ್ಚುವುದರಿಂದ. ಎಪಾಕ್ಸಿಯನ್ನು ಹಾಟ್ ಏರ್ ಗನ್‌ನಿಂದ ಮೆತ್ತಗೆ ಮಾಡಿ ಮರದ ಚೂಪಾದ ಕಡ್ಡಿಯಿಂದ ಕೆರೆದು ತೆಗೆದೆ. ಜ್ವಾಲೆ ಹತ್ತಿರಕ್ಕೂ ತರಲಿಲ್ಲ, ಅಂಟು ಸುಟ್ಟರೆ ಮಸಿಯ ಜೊತೆ ಕೆಟ್ಟ ಹೊಗೆಯೂ ಬರುತ್ತದೆ. ಆಮೇಲೆ ಮೂಲೆಯ ಎರಡೂ ಕಡೆ 60 ಮಿಲಿಮೀಟರ್‌ವರೆಗೆ ಹಳೇ ಸೋಲ್ಡರ್ ಕರಗಿಸಿ, ಕರಗಿದ್ದಾಗಲೇ ಬ್ರಷ್‌ನಿಂದ ಗುಡಿಸಿ ತೆಗೆದೆ. ಕರಗಿದ ಹನಿಗಳು ಸಿಡಿಯುತ್ತವೆ, ಕನ್ನಡಕ ಮತ್ತು ಚರ್ಮದ ಕೈಗವಸು ಬೇಕೇ ಬೇಕು. ಸೀಸ ಇರುವ ಜಾಗಕ್ಕೆ ಗ್ರೈಂಡರ್ ಹಚ್ಚಬಾರದು, ಒಣ ಉಜ್ಜುವಿಕೆಯೂ ಬೇಡ. ಅದರ ದೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಒದ್ದೆ ಎಮರಿ ಪೇಪರ್ ಬಳಸಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ರತ್ಯೇಕವಾಗಿ ಕಟ್ಟಿಟ್ಟೆ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು.

ಒಳಗಿನ ಸುಣ್ಣಕ್ಕೆ ಬಿಸಿನೀರಿನಲ್ಲಿ ಸಿಟ್ರಿಕ್ ಆಸಿಡ್ ಕಲಸಿ ಒಂದು ಗಂಟೆ ನಿಲ್ಲಿಸಿ, ಎರಡು ಮೂರು ಸಲ ತೊಳೆದೆ. ಆಮೇಲೆ ರೇಡಿಯೇಟರನ್ನು ಎರಡು ದಿನ ಬಿಸಿಲಿಗೆ ಒಣಗಲು ಬಿಟ್ಟೆ. ಈ ಎರಡು ದಿನ ಸುಮ್ನೆ ಕಾಯುವುದು ಕಷ್ಟ, ಆದರೆ ಬಿಡುವ ಹಾಗಿಲ್ಲ. ಸಂದಿಯಲ್ಲಿ ಒಂದು ತೊಟ್ಟು ನೀರಿದ್ದರೂ ಬಿಸಿಗೆ ಆವಿಯಾಗಿ ಕರಗಿದ ಸೋಲ್ಡರಿನ ನಡುವೆಯೇ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಒಳಗಿನ ಗಾಳಿ ಹಿಗ್ಗಿದಾಗಲೂ ಹೀಗೇ ಆಗುತ್ತದೆ. ಅದಕ್ಕೇ ಬೆಸುಗೆ ಹಾಕುವಾಗ ಮೇಲಿನ ಬಾಯಿ ಕೆಳಗಿನ ಬಾಯಿ ಎರಡೂ ತೆರೆದಿರಬೇಕು.

ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆ ಅಂತ ಭೂತಗಾಜಿನಲ್ಲಿ ನೋಡಿ, ಅಲ್ಲಿ 1.5 ಮಿಲಿಮೀಟರ್ ತೂತು ಕೊರೆದೆ. ಬಿರುಕು ಬೆಳೆಯುವುದು ಅದರ ಚೂಪು ತುದಿಯಿಂದ. ದುಂಡು ತೂತಿಗೆ ಬಂದು ಸೇರಿದರೆ ಎಳೆತ ಹಂಚಿಹೋಗಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆ ಮೇಲೆ 0.5 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನಿಂದ ಒಂದು ತೇಪೆ ಕತ್ತರಿಸಿದೆ. ಬಿರುಕಿನ ಎಲ್ಲ ಕಡೆ 10 ಮಿಲಿಮೀಟರ್ ಹೊರಗೆ ಬರುವಷ್ಟು ದೊಡ್ಡದು, ಮೂಲೆಗಳು ದುಂಡು. ತಗಡನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಟ್ಯಾಂಕಿನ ಮೂಲೆಗೆ ಬೆರಳಿನಿಂದಲೇ ಒತ್ತಿ ಕೂರಿಸಿದೆ. ತೇಪೆ ಮತ್ತು ಟ್ಯಾಂಕ್ ನಡುವೆ ಸಂದಿ ಕಾಗದದಷ್ಟೇ ಇರಬೇಕು, ಸುಮಾರು 0.1 ಮಿಲಿಮೀಟರ್. ಅಷ್ಟಿದ್ದರೆ ಸೋಲ್ಡರ್ ತಾನಾಗಿ ಒಳಕ್ಕೆ ಹೀರಿಕೊಂಡು ಹೋಗುತ್ತದೆ. ಜಾಸ್ತಿ ಇದ್ದರೆ ನಡುವೆ ಟೊಳ್ಳು ಉಳಿಯುತ್ತದೆ.

ಹಿತ್ತಾಳೆಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಎಳೆತದಲ್ಲಿರುವ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಅದು ಸೀಳುತ್ತದೆ. ಬ್ರಿಟಿಷರ ಆಳ್ವಿಕೆಯ ಇಂಡಿಯಾದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆ ಕಾಡತೂಸುಗಳು ತಮ್ಮಷ್ಟಕ್ಕೆ ಬಿರುಕು ಬಿಟ್ಟಿದ್ದು ಇದೇ ಕಾರಣಕ್ಕೆ. ಕುದುರೆಯ ಗಂಜಲದ ಅಮೋನಿಯಾ, ಮಳೆಗಾಲದ ತೇವ, ಕಾಡತೂಸು ಮಾಡುವಾಗ ಲೋಹದಲ್ಲಿ ಉಳಿದ ಎಳೆತ ಮೂರೂ ಸೇರಿದ್ದವು. ಇದಕ್ಕೆ ಸೀಸನ್ ಕ್ರ್ಯಾಕಿಂಗ್ (ಋತುವಿನ ಬಿರುಕು) ಅಂತಲೇ ಹೆಸರು ನಿಂತುಬಿಟ್ಟಿತು. ಹಾಗಾಗಿ ಹಳೇ ರೇಡಿಯೇಟರನ್ನು ಅಮೋನಿಯಾ ಇರುವ ಕ್ಲೀನರ್‌ನಿಂದ ಉಜ್ಜಬೇಡಿ. ನವಸಾಗರವೂ ಅಮೋನಿಯಂ ಕ್ಲೋರೈಡೇ. ಕಲಾಯಿಗೆ ಅದು ಬಹಳ ಒಳ್ಳೆಯದು ಅನ್ನುವುದು ನಿಜ, ಆದರೆ ಬಿರುಕು ಬಿಟ್ಟ ಈ ಮೂಲೆಗೆ ನಾನು ಅದನ್ನು ಬಳಸಲಿಲ್ಲ. ಝಿಂಕ್ ಕ್ಲೋರೈಡ್ ಫ್ಲಕ್ಸ್ ಬಳಸಿದೆ.

ಮುಂದಿನದು ಕಲಾಯಿ. ತೇಪೆಯ ಒಳಮೈಗೆ, ಟ್ಯಾಂಕಿನ ಮೂಲೆಗೆ, ಹೆಡರ್ ಪ್ಲೇಟಿನ ಅಂಚಿಗೆ ಬೇರೆ ಬೇರೆಯಾಗಿ ತೆಳುವಾಗಿ ಸೋಲ್ಡರ್ ಹಚ್ಚಿ, ಕರಗಿದ್ದಾಗಲೇ ಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೆ ಎಲ್ಲೂ ಹಳದಿ ಕಾಣಬಾರದು. ಕಂಡರೆ ಅಲ್ಲಿ ಕೊಳೆ ಇದೆ ಅಂತ ಅರ್ಥ. ನನಗೆ ಎರಡು ಕಡೆ ಕಡಲೆಕಾಳಿನಷ್ಟು ಹಳದಿ ಚುಕ್ಕೆ ಉಳಿದಿತ್ತು. ಮತ್ತೆ ಉಜ್ಜಿ, ಮತ್ತೆ ಫ್ಲಕ್ಸ್ ಹಾಕಿ, ಪೂರ್ತಿ ಬೆಳ್ಳಗಾಗುವವರೆಗೆ ಬಿಡಲಿಲ್ಲ. ಮೊದಲ ಸಲ ನಾನು ಬಿಟ್ಟಿದ್ದು ಈ ಹಂತವನ್ನೇ. ಕಲಾಯಿ ಸರಿಯಾಗಿ ಹತ್ತಿದ ಮೇಲೆ ಉಳಿದದ್ದು ಸೋಲ್ಡರನ್ನು ಸೋಲ್ಡರ್‌ಗೆ ಸೇರಿಸುವುದು ಮಾತ್ರ.

ಈಗ ಬಿಸಿಯ ವಿಷಯ. ರೇಡಿಯೇಟರ್ ಅನ್ನುವುದೇ ಬಿಸಿಯನ್ನು ಗಾಳಿಗೆ ಬಿಡಲು ಮಾಡಿದ ವಸ್ತು. ನೀವು ಒಂದು ಕಡೆ ಬಿಸಿ ಕೊಡುತ್ತಿದ್ದರೆ ಅದು ಸಾವಿರ ಫಿನ್‌ಗಳಿಂದ ಹೊರಗೆ ಚೆಲ್ಲುತ್ತಿರುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸದ ಸಣ್ಣ ಸೋಲ್ಡರಿಂಗ್ ಐರನ್ ಇದರ ಮುಂದೆ ಏನೂ ಮಾಡಲಾರದು. ಟಾರ್ಚ್ ಬಳಸಿದರೆ ಬೇಕಾದ್ದಕ್ಕಿಂತ ಜಾಸ್ತಿ ಬಿಸಿ ಹೋಗಿ ಪಕ್ಕದ ಟ್ಯೂಬುಗಳ ಬೆಸುಗೆ ಕರಗುತ್ತದೆ. ಆಕ್ಸಿ-ಅಸಿಟಿಲಿನ್ ಜ್ವಾಲೆ ಬಹಳ ನುರಿತ ಕೈಯಲ್ಲಿ ಮಾತ್ರ ಕ್ಷೇಮ. ನಾನು ಆರಿಸಿಕೊಂಡಿದ್ದು ಅರ್ಧ ಕಿಲೋ ತೂಕದ ತಾಮ್ರದ ಗಟ್ಟಿ ಇರುವ ಹಳೇ ಕಾಲದ ಐರನ್. ಗ್ಯಾಸ್ ಒಲೆಯ ಮೇಲೆ ಕಾಯಿಸಿ ಬಳಸುವಂಥದ್ದು. ಅದು ಬಿಸಿಯನ್ನು ತನ್ನ ಮೈಯಲ್ಲಿ ತುಂಬಿಕೊಂಡು ಬಂದು ಮುಟ್ಟಿದ ಜಾಗಕ್ಕೆ ಒಮ್ಮೆಗೇ ಕೊಡುತ್ತದೆ. ಗಟ್ಟಿಯ ಸುತ್ತ ಜ್ವಾಲೆ ಹಸಿರು ಬಣ್ಣಕ್ಕೆ ತಿರುಗಿದರೆ ತೆಗೆಯಬೇಕು. ಆ ಹಸಿರು ತಾಮ್ರದ್ದು. ಕೆಂಪಗಾಗಲು ಬಿಟ್ಟರೆ ತುದಿಯ ಕಲಾಯಿ ಸುಟ್ಟುಹೋಗಿ ಸೋಲ್ಡರ್ ಹತ್ತುವುದೇ ಇಲ್ಲ.

ಸೋಲ್ಡರ್ 50:50, ಅಂದರೆ ಅರ್ಧ ತವರ ಅರ್ಧ ಸೀಸ. ಇದು 183 ಡಿಗ್ರಿಯಲ್ಲಿ ಮೆತ್ತಗಾಗಲು ಶುರುವಾಗಿ 215ರ ಹತ್ತಿರ ಪೂರ್ತಿ ನೀರಾಗುತ್ತದೆ. ನಡುವಿನ 30 ಡಿಗ್ರಿಯಲ್ಲಿ ಬೆಣ್ಣೆಯ ಹಾಗಿರುತ್ತದೆ. ಸಂದಿ ತುಂಬಿ ಅಂಚು ಕಟ್ಟಲು ಆ ಗುಣ ಬೇಕು. 63:37 ಸೋಲ್ಡರ್ 183ರಲ್ಲೇ ಒಮ್ಮೆಗೆ ಕರಗಿ ಹರಿದುಬಿಡುತ್ತದೆ, ತೆಳು ಸಂದಿಗೆ ಸರಿ, ಅಗಲ ಸಂದಿಯಲ್ಲಿ ನಿಲ್ಲುವುದಿಲ್ಲ. ಸೀಸವಿಲ್ಲದ ತವರ–ತಾಮ್ರದ ಸೋಲ್ಡರ್‌ಗೆ 227 ಡಿಗ್ರಿ ಬೇಕು. ಅಷ್ಟು ಕೊಟ್ಟರೆ ಪಕ್ಕದ ಹಳೇ ಬೆಸುಗೆಗೆ ಅಪಾಯ ಜಾಸ್ತಿ.

ಕಡಿಮೆ ತಾಪದ ಸೋಲ್ಡರ್ ಹಾಕಿದರೆ ಹಳೇ ಬೆಸುಗೆ ಕರಗುವುದೇ ಇಲ್ಲ ಅಂತ ಕೆಲವರು ನಂಬುತ್ತಾರೆ. ಪೂರ್ತಿ ಸರಿಯಲ್ಲ. ಸೀಸ ಎಷ್ಟೇ ಜಾಸ್ತಿ ಇರಲಿ, ತವರ ನೂರಕ್ಕೆ 20 ಇದ್ದರೂ ಮೊದಲ ಹನಿ ಕರಗುವುದು ಅದೇ 183 ಡಿಗ್ರಿಯಲ್ಲಿ. 30:70ರ ಸೋಲ್ಡರ್ 200 ಡಿಗ್ರಿ ಮುಟ್ಟಿದಾಗ ಅದರ ಕಾಲು ಭಾಗಕ್ಕಿಂತ ಜಾಸ್ತಿ ದ್ರವವಾಗಿರುತ್ತದೆ. ಆಗ ಅದನ್ನು ಅಲುಗಿಸದೆ ಬಿಟ್ಟರೆ ಹಾಗೇ ಮತ್ತೆ ಗಟ್ಟಿಯಾಗುತ್ತದೆ. ತಟ್ಟಿದರೆ, ಒತ್ತಿದರೆ, ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಪಕ್ಕದ ಟ್ಯೂಬುಗಳ ಮೇಲೆ ಒದ್ದೆ ಬಟ್ಟೆ ಸುತ್ತಿದೆ, ಸಂದಿಗೆ ಮಾತ್ರ ನೀರು ತಾಗದ ಹಾಗೆ. ರೇಡಿಯೇಟರನ್ನು ಮರದ ತುಂಡುಗಳ ಮೇಲೆ ಓರೆಯಾಗಿ ಇಟ್ಟು, ಸಂದಿ ಮೇಲ್ಮುಖವಾಗಿ ಮಟ್ಟಸವಾಗಿರುವ ಹಾಗೆ ನೋಡಿಕೊಂಡೆ. ಸೋಲ್ಡರ್ ನೀರಿನ ಹಾಗೆ ತಗ್ಗಿಗೇ ಹೋಗುತ್ತದೆ, ಅದರ ಜೊತೆ ಜಗಳವಾಡುವ ಬದಲು ತಗ್ಗನ್ನು ನಮಗೆ ಬೇಕಾದಲ್ಲಿ ಮಾಡಿಕೊಳ್ಳಬೇಕು.

ನಿಜವಾದ ಬೆಸುಗೆಗೆ ಹಿಡಿದಿದ್ದು ಹತ್ತು ನಿಮಿಷ. ತೇಪೆಯ ಮೇಲೆ ಐರನ್ ಒತ್ತಿ ಹಿಡಿದೆ. ಏಳೆಂಟು ಸೆಕೆಂಡಿಗೆ ಅಂಚಿನ ಸುತ್ತಲೂ ಬೆಳ್ಳಿಯ ಗೆರೆ ಒಮ್ಮೆಗೇ ಹೊಳೆಯಿತು. ಒಳಗಿನ ಎರಡೂ ಕಲಾಯಿ ಕರಗಿ ಒಂದಾದ ಗುರುತು ಅದು. ಐರನ್ ತೆಗೆದು ಮರದ ಕಡ್ಡಿಯಿಂದ ತೇಪೆ ಒತ್ತಿ ಹಿಡಿದೆ, ಹೊಳಪು ಮಂಕಾಗುವವರೆಗೆ. ಆಮೇಲೆ ಐರನ್ ಮತ್ತೆ ಕಾಯಿಸಿ ಸಂದಿಯ ಉದ್ದಕ್ಕೆ ನಿಧಾನವಾಗಿ ಎಳೆದೆ. ಸೋಲ್ಡರನ್ನು ಐರನ್‌ಗೆ ತಾಗಿಸದೆ ಐರನ್‌ನ ಮುಂದಿನ ತಗಡಿಗೆ ತಾಗಿಸಿದೆ. ತಗಡು ತಾನೇ ಕರಗಿಸಿಕೊಂಡರೆ ಮಾತ್ರ ಅದು ಸಾಕಷ್ಟು ಕಾದಿದೆ ಅಂತ ಗೊತ್ತಾಗುತ್ತದೆ.

ತೊಳೆದು, ಪರೀಕ್ಷಿಸಿ, ಕೂರಿಸಿದ್ದು

ಝಿಂಕ್ ಕ್ಲೋರೈಡ್ ಹಾಗೇ ಉಳಿದರೆ ಗಾಳಿಯ ತೇವ ಹೀರಿಕೊಂಡು ಹಿತ್ತಾಳೆ ತಿನ್ನುತ್ತಲೇ ಇರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹೊರಗೂ ಒಳಗೂ ತೊಳೆದೆ, ನೊರೆ ಬರುವುದು ನಿಲ್ಲುವವರೆಗೆ. ತೊಟ್ಟಿಯಲ್ಲಿ 2 ಪಿಎಸ್‌ಐ ಕೊಟ್ಟು ಅರ್ಧ ಗಂಟೆ ಇಟ್ಟೆ. ಈ ಸಲ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿದೆ. ಸುಮಾರು 80 ಡಿಗ್ರಿಯ ಬಿಸಿನೀರು ತುಂಬಿಸಿ, ಸಂದಿಯ ಕೆಳಗೆ ಒಣ ಕಾಗದ ಇಟ್ಟು ನೋಡಿದೆ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು ಬಿಸಿಗೆ ಬಾಯಿ ಬಿಡುವುದುಂಟು. ಮೊದಲ ಸಲ ಈ ಪರೀಕ್ಷೆ ಮಾಡಿದ್ದರೆ ಆಗಲೇ ಗೊತ್ತಾಗುತ್ತಿತ್ತೇನೋ. ಕಾಗದ ಒಣಗಿಯೇ ಇತ್ತು.

ಹೊಸ ರಬ್ಬರ್ ಪ್ಯಾಡ್, ಕೆಳಗೆ ಸ್ಪ್ರಿಂಗ್, ಕ್ಯಾಸಲ್ ನಟ್, ಸ್ಪ್ಲಿಟ್ ಪಿನ್. ಎಡಗಡೆಯ 4 ಮಿಲಿಮೀಟರ್ ಸಂದಿಗೆ ಪ್ಯಾಡನ್ನೇ ಅಷ್ಟು ದಪ್ಪ ಮಾಡಿದೆವು. ರೇಡಿಯೇಟರ್ ಎರಡೂ ಕಾಲಿನ ಮೇಲೆ ತಾನಾಗಿ ಕೂತ ಮೇಲೆಯೇ ನಟ್ ಹಾಕಿದ್ದು. ಆಸರೆ ಸಲಾಕೆಯನ್ನು ಕೊನೆಗೆ, ಅದು ಎಳೆಯದೆ ದೂಡದೆ ತೂತಿಗೆ ತಾನೇ ಬಂದು ಕೂರುವಷ್ಟು ಉದ್ದಕ್ಕೆ ಹೊಂದಿಸಿದೆವು. ಬಣ್ಣ ಹೊಡೆದದ್ದು ತೆಳುವಾಗಿ ಒಂದೇ ಕೋಟ್, ದಪ್ಪ ಬಣ್ಣ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ನೀರಿನ ಜೊತೆ ಹಾಕಿದ್ದು ತಾಮ್ರ, ಹಿತ್ತಾಳೆ, ಸೋಲ್ಡರ್‌ಗೆ ಹೊಂದುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ ಹಳೇ ಬಗೆಯ ಕೂಲೆಂಟ್. ಅಲ್ಯೂಮಿನಿಯಂಗೆ ಅಂತ ಮಾಡಿದ ಕೆಲವು ಹೊಸ ಕೂಲೆಂಟ್‌ಗಳು ಸೀಸದ ಸೋಲ್ಡರ್‌ಗೆ ರಕ್ಷಣೆ ಕೊಡುವುದಿಲ್ಲ. ಆಗ ಸೋಲ್ಡರ್ ಮೇಲೆ ಬಿಳಿ ಹೂವಿನ ಹಾಗೆ ಪದರ ಬೆಳೆದು ಟ್ಯೂಬಿನ ಬಾಯಿ ಮುಚ್ಚುತ್ತದೆ. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಯಾವುದನ್ನೂ ಹಾಕಲಿಲ್ಲ. ಚಪ್ಪಟೆ ಟ್ಯೂಬುಗಳ ಒಳಗಿನ ದಾರಿ ಬಹಳ ಇಕ್ಕಟ್ಟು, ಆ ಪುಡಿಗೆ ಸೋರುವ ತೂತು ಯಾವುದು ನೀರಿನ ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ.

ಮೊದಲ 300 ಕಿಲೋಮೀಟರ್‌ವರೆಗೆ ಪ್ರತಿ ಓಡಾಟದ ನಂತರ ಕಡ್ಡಿ ಇಳಿಸಿ ಅಳೆದೆವು. ಗುರುತು ಅಲ್ಲೇ ಇತ್ತು. ಒಂದೂವರೆ ವರ್ಷದಲ್ಲಿ ಕಾರು ಸುಮಾರು 2,000 ಕಿಲೋಮೀಟರ್ ಓಡಿದೆ. ಎಡಮೂಲೆ ಒಣಗಿದೆ, ತೇಪೆಯ ಅಂಚಿನಲ್ಲಿ ಬಿರುಕಿಲ್ಲ. ಆರು ತಿಂಗಳ ಹಿಂದೆ ನೋಡಿದಾಗ ಹೊಸ ಪ್ಯಾಡ್ ಸುಮಾರು 1 ಮಿಲಿಮೀಟರ್ ಅಮುಕಿಕೊಂಡಿತ್ತು. ಸ್ಪ್ರಿಂಗ್ ಇದ್ದದ್ದರಿಂದ ನಟ್ ಮುಟ್ಟಬೇಕಾಗಲಿಲ್ಲ. ಬಲಗಡೆ ಕೆಳಗಿನ ಟ್ಯಾಂಕಿನ ಹತ್ತಿರ ಒಂದು ಟ್ಯೂಬಿನ ಬುಡದಲ್ಲಿ ಈಗ ಅಕ್ಕಿಕಾಳಿನಷ್ಟು ಹಸಿರು ಚುಕ್ಕೆ ಕಾಣುತ್ತಿದೆ. ಒಣ ಚುಕ್ಕೆ, ನೀರಿಲ್ಲ. ಅದರ ಫೋಟೋ ತೆಗೆದು, ಪಕ್ಕದಲ್ಲಿ ತಾರೀಕು ಬರೆದಿಟ್ಟಿದ್ದೇವೆ. ಮಾವ ಈಗ ಬಾನೆಟ್ ಎತ್ತಿದಾಗಲೆಲ್ಲ ಮೊದಲು ನೋಡುವುದು ಅದನ್ನು, ಆಮೇಲೆ ಬೋಲ್ಟುಗಳ ಕೆಳಗಿನ ಸ್ಪ್ರಿಂಗುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ.